ತಾರೀಖು ಬರಿಯಾಂವ

ಆಳಂದ ರೋಡಿನ ಕಡಿ, ರಿಂಗ್ ರೋಡ್ ದಾಟಿದ ಮ್ಯಾಲ
ಒಂದು ಬೋರ್ಡ್ ಅದ ನೋಡ್ರಿ, ಹನ್ನೆರಡು ಫೂಟು ಅಗಲ.
ಅದರ ಹಿಂದ ಸ್ಟೇಡಿಯಂ.
ಅಂದ್ರ, ಆಗೋದದ.

ಬೋರ್ಡ್ ನಂದು. ಲಾಡ್ಲೇಸಾಬ, ಪೇಂಟರ್.
ನೀಲಿ ಮ್ಯಾಲ ಹಳದಿ ಅಕ್ಷರ, ಕೆಳಗ ಕರೀ ನೆರಳು:
ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರು.
ಒಮ್ಮೆ ಬರದೆ, ಹಂಗೇ ಅವ.
ಕಡೀ ಸಾಲು ಒಂದೇ ನನಗ ರೊಟ್ಟಿ ಹಾಕ್ತದ:
ಮುಕ್ತಾಯದ ದಿನಾಂಕ.

ವರ್ಷಕ್ಕೊಮ್ಮೆ, ಒಮ್ಮೊಮ್ಮೆ ಎರಡು ಸಲ, ಫೋನ್ ಬರ್ತದ.
"ಸಾಬ, ತಾರೀಖು ಬದಲಿ ಮಾಡೋದದ."
ನಿಚ್ಚಣಿಕಿ ಸೈಕಲ್ಲಿಗಿ ಕಟ್ಟತೀನಿ.

ಮದಲ ಸಲ ತಪ್ಪು ಮಣ್ಣಿಂದು.
ಎರಿ ಮಣ್ಣು ಬ್ಯಾಸಗ್ಯಾಗ ಬಾಯಿ ಬಿಡ್ತದ, ಮಳಿಗಿ ಉಬ್ಬತದ,
ಇದು ಇಂಜಿನಿಯರಗ ತಿಳೀಲಿಕ್ಕ ಒಂದು ವರ್ಷ ಹಿಡೀತು.
ನಮ್ಮ ಅಮ್ಮೀಗ ಗೊತ್ತಿತ್ತು.
ಎರಡನೇ ಸಲ ಕಂಬಿ ರೇಟು. ಮೂರನೇ ಸಲ ಚುನಾವಣಿ.
ನಾಕನೇದ್ದಕ್ಕ ಯಾರೂ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ,
ಮುನ್ನೂರೈವತ್ತು ಕೊಟ್ರು, ಅವತ್ತೇ ಕೊಟ್ರು.
ಇಡೀ ಕಾಮಗಾರಿಯೊಳಗ ಹೊತ್ತಿಗಿ ಸರಿಯಾಗಿ ಬಿಲ್ ಆದಾಂವ
ನಾನೊಬ್ಬನೇ.

ಒಳಗ ಹೋಗಿ ನೋಡೀನಿ.
ಗ್ಯಾಲರಿ ಕಂಬಿಗಿ ವಾಚಮನ್ ಸಿದ್ಲಿಂಗ ಅಂಗಿ ಒಣ ಹಾಕ್ಯಾನ.
ದೊಡ್ಡ ಮಂದಿ ಕೂಡೋ ಬಾಕ್ಸಿನಾಗ ಅವನ ಆಡು ಈದದ, ಎರಡು ಮರಿ.
ಹೋದ ಮಳಿಗಾಲದಾಗ ಫುಟಬಾಲ್ ಅಂಗಳ ತುಂಬಿ
ಎಮ್ಮಿ ಈಜಿದ್ವು.
ಈಜುಕೊಳ ಪ್ಲಾನಿನಾಗ ಇರಲಿಲ್ಲ.

ಈ ಸಲ ಬಣ್ಣ ಹಿಡೀಲಿಲ್ಲ.
ಅದೂ ಪಾಪ, ಎಷ್ಟಂತ ಹಿಡೀತದ?
ಪಟ್ಟಿ ಹಿಡದು ಕೆರದೆ.
ಒಂದು ಮಾರ್ಚ್ ಎದ್ದು ಬಂತು,
ಅದರ ಕೆಳಗ ಒಂದು ಅಕ್ಟೋಬರ್,
ಅದರ ಕೆಳಗ ಮತ್ತೊಂದು ಮಾರ್ಚ್,
ಶಹಾಬಾದ ಖಣಿಯಾಗ ಫರಸಿ ಏಳತದಲ್ಲ, ಪದರ ಪದರ, ಹಂಗ.
ಕಾಲ ಬುಡಕ ಹಳದಿ ಚಕ್ಕಿ ರಾಶಿ ಬಿತ್ತು.
ತಗಡು ಕಂಡ ಮ್ಯಾಲ ಫೋನ್ ಹಚ್ಚಿದೆ: ಏನು ಬರೀಲ್ರಿ?
ಸಾಹೇಬ್ರು ಮೀಟಿಂಗಿನಾಗ ಅವರ.

ಆ ಹೊತ್ತಿಗಿ ಬಂದ್ರು ಕಂಟೆಪ್ಪ ಮಾಸ್ತರು, ಕೊಳ್ಳಾಗ ಸೀಟಿ,
ಹಿಂದ ಜಗದೇವಿ, ಬರಿಗಾಲು.
ಹದಿನಾರರೊಳಗಿನ ಹುಡುಗ್ಯಾರ ಓಟ ಇಪ್ಪತ್ತು ದಿನಕ್ಕದ,
ಇಪ್ಪತ್ತೆರಡಕ್ಕ ಆಕಿಗಿ ಹದಿನಾರು ತುಂಬತಾವ.
ಆ ತಾರೀಖಿನ ಮ್ಯಾಲ
ಬಣ್ಣ ಹಚ್ಚಲಿಕ್ಕ ಬರೂದಿಲ್ಲ.

"ಸಾಬ, ಬಿಳೀದು ಉಳದದೇನು?"
ಉಳದಿತ್ತು, ಅರ್ಧ ಡಬ್ಬಿ.
ಅಲ್ಲಿ ಮುಗದದ್ದು ಅಂದ್ರ ಒಂದೇ,
ಲಾರಿ ಬರಲಿಕ್ಕ ಮಾಡಿದ ಸಿಮೆಂಟ್ ರಸ್ತಾ.
ಮಾಸ್ತರ ಟೇಪು ಮೂವತ್ತು ಮೀಟರಿಂದು,
ಮೂರು ಸಲ ಹಾಸಿದ್ವಿ, ಮ್ಯಾಲ ಹತ್ತು.
ಇಲ್ಲೊಂದು ಗೆರಿ ಎಳದೆ, ಅಲ್ಲೊಂದು.
ಸೂತ್ರ ಹಿಡೀದೇ ಎಳದೆ, ನೆಟ್ಟಗ ಬಂತು,
ಮೂವತ್ತು ವರ್ಷದ ಕೈ ಅದು.

ಒಣಗಲಿ, ತಡಿ ತಂಗಿ, ಅಂದೆ.
ಬಿಸಿಲು ಏರತದ ಕಾಕಾ, ಅಂದ್ಲು.
ಸೀಟಿ ಹೊಡೀತು.

ಎದ್ದ ಮದಲನೇ ಹೆಜ್ಜಿ ಗೆರಿ ಮ್ಯಾಲೇ ಬಿತ್ತು.
ಆಮ್ಯಾಲ ರಸ್ತಾದ ತುಂಬ ಬಿಳಿ ಬಲಗಾಲು,
ಬಲಗಾಲು,
ಬಲಗಾಲು,
ಒಂದಕಿಂತ ಒಂದು ದೂರ,
ಕಡೀಗಿ ಬರೀ ಬೆರಳು ನಾಕು,
ಆಮ್ಯಾಲ ಏನೂ ಇಲ್ಲ, ಆಕಿ ಮಾತ್ರ ಅಲ್ಲಿ,
ಮೊಣಕಾಲ ಮ್ಯಾಲ ಕೈ ಊರಿ ತೇಕತಿದ್ಲು.

ಮಾಸ್ತರು ಟೈಮ್ ನೋಡಲಿಲ್ಲ ಮದಲ.
ಬಗ್ಗಿ, ಹೆಜ್ಜಿಯಿಂದ ಹೆಜ್ಜಿಗಿ ಟೇಪು ಹಿಡದ್ರು.

ನನ್ನ ಗೆರಿ ಕೆಟ್ಟಿತ್ತು. ತಿದ್ದಲಿಲ್ಲ.
ಅರಿವಿಗಿ ಟರ್ಪೆಂಟೈನ್ ಹಾಕಿ ಕೊಟ್ಟೆ,
ಬೋರ್ಡಿನ ನೆರಳಿನಾಗ ಕೂತು ಅಂಗಾಲು ಒರಿಸಿಕೊಂಡ್ಲು,
ಕಚಗುಳಿ ಆಗಿ ನಗತಿದ್ಲು.
ಅಷ್ಟರಾಗ ಕಿಸೆದಾಗ ಫೋನ್ ಹೊಡೀತು.
ಎತ್ತಲಿಲ್ಲ.
ಕೈ ತುಂಬ ಬಣ್ಣ ಇತ್ತು.