ಅಳಿವೆಯ ಈಚೆ

ಮೂರು ದಿನದಿಂದ ಮೇಣದಚ್ಚಿನಲ್ಲಿ ಕೂತಿದೆ
ಬಲಗಡೆಯ ನಾಳ. ಹಲ್ಲಿಯ ಬಾಲದಷ್ಟು,
ನಡುವೆ ಒಂದು ಉಬ್ಬು.
ಚೀಟಿಯಲ್ಲಿ: ರಮ್ಲತ್, ಇಪ್ಪತ್ತೊಂಬತ್ತು, ಕಸಬಾ ಬೆಂಗ್ರೆ.

ನಾನು ಕತ್ತರಿಸುವವಳು.
ಅತ್ತಾವರದ ಈ ಎರಡನೇ ಮಹಡಿಯಲ್ಲಿ ಹತ್ತೊಂಬತ್ತು ವರ್ಷ
ನಾಲ್ಕು ಮೈಕ್ರಾನ್, ನಾಲ್ಕು ಮೈಕ್ರಾನ್,
ಊರಿನ ಗೆಡ್ಡೆ, ಗಂಟು, ಗರ್ಭಗಳನ್ನೆಲ್ಲ
ಬೆಚ್ಚನೆ ನೀರಿಗೆ ತೇಲಬಿಟ್ಟು ಗಾಜಿನ ಮೇಲೆ ಎತ್ತಿಕೊಂಡಿದ್ದೇನೆ.
ನೀರುದೋಸೆಗಿಂತ ಕಷ್ಟವೇನಲ್ಲ.
ಉಸಿರು ಬಿಗಿಹಿಡಿಯಬೇಕು, ಅಷ್ಟೆ.

ಥೀಸಿಸ್ಸಿಗೆಂದು ಅನಘಾ ಡಾಕ್ಟರು ಎರಡು ಗಾಜು ಕೇಳಿದ್ದರು:
ಒಂದು ನಾಳದ್ದು, ಒಂದು ಗರ್ಭಕೋಶದ ಒಳಪದರದ್ದು.
ಬಣ್ಣ ಹಾಕಿದರೆ ಒಂದು ಜಾತಿಯ ಕಣ ಮಾತ್ರ
ಕಂದಾಗುತ್ತದೆ, ಕಾಫಿ ಸಿಡಿದ ಹಾಗೆ.
ಸಹಜ ಹಂತಕ ಎಂದು ಅವಕ್ಕೆ ಹೆಸರು.
ಹೆಸರಿಟ್ಟವರು ಮೊದಲು ನೆತ್ತರಲ್ಲಿ ಕಂಡಿರಬೇಕು,
ಬಸಿರಲ್ಲಿ ಕಂಡಿದ್ದರೆ ಬೇರೆ ಹೆಸರು ಹುಡುಕುತ್ತಿದ್ದರು.

ಒಳಪದರದಲ್ಲಿ ಅವು ಸಂತೆಯಷ್ಟು ಜನ.
ಕೊಲ್ಲುವುದಿಲ್ಲ.
ಬರುವ ಬೇರಿಗೆ ರಕ್ತನಾಳದ ಬಾಯಿ ಅಗಲಿಸಿ ಕೊಡುತ್ತವೆ,
ಸಾಕು, ಇನ್ನು ಒಳಗೆ ಬೇಡ ಎಂದು
ಅಂಗೈ ಅಡ್ಡ ಹಿಡಿಯುತ್ತವೆ,
ಹೆರಿಗೆ ಕೋಣೆಯ ಬಾಗಿಲಲ್ಲಿ ಕೂತು
ಬೈಯುತ್ತಲೇ ಬಿಸಿನೀರು ಕಾಯಿಸುವ ಅಜ್ಜಿಯಂದಿರು.

ನಾಳದ ಗಾಜು ಇಟ್ಟೆ.
ನಲವತ್ತು ಪಟ್ಟು. ನಾನೂರು ಪಟ್ಟು.
ಮೂಲೆಯಲ್ಲಿ ಎರಡು ಕಂದು ಚುಕ್ಕೆ, ಆಚೆ ಇನ್ನೊಂದು.
ನಾಳವೆಂದರೆ ದಾಟುವ ಜಾಗ;
ದಾಟುವ ಜಾಗದಲ್ಲಿ ಯಾರು ಚಾಪೆ ಹಾಸುತ್ತಾರೆ?
ಅಲ್ಲೇ ಕೂತುಬಿಟ್ಟಿತ್ತು ಅದು.
ಸಾಕು ಎನ್ನುವವರಿಲ್ಲದೆ
ಗೋಡೆಯನ್ನೇ ನೆಲವೆಂದುಕೊಂಡು
ಬೇರು ಬಿಟ್ಟಿತ್ತು, ಬಿಟ್ಟಿತ್ತು, ಗೋಡೆ ಬಿರಿಯುವವರೆಗೆ.

ಇನ್ನೊಂದು ಬಣ್ಣ, ಕಾಪಾಡುವ ಪ್ರೋಟೀನಿಗೆ.
ಅದು ಇತ್ತು.
ಬೇರಿನ ಅಂಚಿನುದ್ದಕ್ಕೂ ತೆಳ್ಳಗೆ, ಎಲ್ಲೂ ಕಡಿಯದ ಗೆರೆ.
ತಾಯಿಯ ನೆತ್ತರಿನ ಸಿಟ್ಟು ಮೈಗೆ ತಾಗದಿರಲೆಂದು
ತಾನೇ ಹೊದ್ದು ಬಂದ ಗೊರಬು.
ತಪ್ಪು ಜಾಗದಲ್ಲಿ ಏಳು ವಾರ,
ಒಂದು ದಿನವೂ ತೆಗೆದಿಟ್ಟಿರಲಿಲ್ಲ.

ಗುರುವಾರ ರಿಪೋರ್ಟಿಗೆ ಬಂದವಳು
ಕೌಂಟರಿನಲ್ಲಿ ನಿಲ್ಲದೆ ಒಳಗೇ ಬಂದಳು.
ಫೆರಿ ಇಳಿದು ಬಂದರಿನಿಂದ ನಡೆದೇ,
ಹೊಲಿಗೆಯ ಮೇಲೆ ಒಂದು ಕೈ.
ಬೀಡಿ ಕಟ್ಟಿದ ಬೆರಳ ತುದಿ ಕಂದು,
ನಮ್ಮ ಬಣ್ಣದ್ದೇ ಕಂದು.

"ಹೊಗೆಸೊಪ್ಪಿನ ಧೂಳಿನಿಂದ ಆದದ್ದಾ ಬಾಯಮ್ಮ?"
ಗೊತ್ತಿಲ್ಲ ಎಂದೆ. ಅದು ನಿಜ.
"ಅತ್ತೆ ಹೇಳುವುದು, ನನ್ನ ಮೈಯೇ ತಿಂದದ್ದು ಅಂತ. ಹೌದಾ?"

ಉತ್ತರ ಹೇಳುವುದು ನನ್ನ ಕೆಲಸವಲ್ಲ.
ಆದರೆ ಹತ್ತೊಂಬತ್ತು ವರ್ಷದಲ್ಲಿ ಒಂದು ಗಾಜೂ
ಹೀಗೆ ಮೆಟ್ಟಿಲು ಹತ್ತಿ ಬಂದು ಕೇಳಿರಲಿಲ್ಲ.
ಸ್ಟೂಲು ಎಳೆದೆ. ಎರಡು ಕಣ್ಣೂ ತೆರೆದಿಡು ಎಂದೆ.
ಅವಳೂ ಉಸಿರು ಬಿಗಿಹಿಡಿದಳು.

"ಕೊಲ್ಲುವವರು ಎಲ್ಲಿದ್ದಾರೆ?"
ಅವರೇ ಇಲ್ಲ ಇಲ್ಲಿ. ಇರಬೇಕಿತ್ತು.
ಇದ್ದಿದ್ದರೆ ಏನಾಗುತ್ತಿತ್ತೋ ಡಾಕ್ಟರಿಗೂ ಗೊತ್ತಿಲ್ಲ.
"ಈ ಗೆರೆ?"
ಅದರದ್ದು. ನಿನ್ನ ಮೈ ಆ ಗೆರೆ ದಾಟಲಿಲ್ಲ.
(ಗಾಜು ಅಷ್ಟು ಹೇಳಿರಲಿಲ್ಲ.
ನಾನೇ ಒಂದು ಹೆಜ್ಜೆ ಮುಂದೆ ಹೋದೆ.)

ತುಂಬ ಹೊತ್ತು ನೋಡಿದಳು.
ಆಮೇಲೆ, ಕಣ್ಣು ತೆಗೆಯದೆಯೇ,
"ಅಳಿವೆ ದಾಟುವ ಮೊದಲೇ ದೋಣಿ ಮರಳಿಗೆ ಕೂತರೆ
ನಮ್ಮಲ್ಲಿ ಯಾರ ತಪ್ಪು ಅಂತ ಮೊದಲು ಕೇಳುವುದಿಲ್ಲ.
ಎಷ್ಟು ಜನ ಇದ್ದರು ಅಂತ ಕೇಳುವುದು."

ಒಬ್ಬರು, ಎಂದೆ.

ಸಂಜೆ ಅನಘಾ ಡಾಕ್ಟರು ಲೆಕ್ಕ ಬರೆದುಕೊಂಡರು.
ಒಳಪದರ: ಇನ್ನೂರ ಹನ್ನೆರಡು.
ನಾಳ: ಮೂರು.
ಮಿಕ್ಕ ಮೇಣವನ್ನು ಕಪಾಟಿಗಿಡುವ ಮೊದಲು
ದೀಪ ಹಾಕಿ ನಾನು ಇನ್ನೊಮ್ಮೆ ಎಣಿಸಿದೆ.
ಮೂರೇ.