ಜೀರೋ ಬಲ್ಬು

ಅಪ್ಪ ಮೀಟರ್ ರೀಡರು. ಶ್ರೀರಾಮಪುರದ ಸಂದಿಗಳಲ್ಲಿ
ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಅಂಕಿ ಬರೆದುಕೊಂಡವನು.
ಜೀರೋ ಬಲ್ಬಿಗೆ ಚಕ್ರ ಅಲುಗೋದಿಲ್ಲ ಮಗಳೇ, ಅನ್ನುತ್ತಿದ್ದ,
ಉರೀಲಿ ಬಿಡು, ಅದು ಲೆಕ್ಕಕ್ಕಿಲ್ಲ.
ಹಾಗಾಗಿ ನಮ್ಮ ಮನೆಯಲ್ಲಿ ಲೆಕ್ಕಕ್ಕಿಲ್ಲದೆ ಉರಿದದ್ದು ಎರಡು:
ದೇವರ ಗೂಡಿನ ಕೆಂಪು ಬಲ್ಬು,
ಅವ್ವ.

ನಲವತ್ತೆರಡರಲ್ಲಿ ನಾನು ಮತ್ತೆ ಪರೀಕ್ಷೆ ಕಟ್ಟಿದೆ.
ನಾಲ್ಕು ಪೇಪರು. ಮೂರನೆಯದು ಎರಡು ಸಲ ಕೈಕೊಟ್ಟಿತು.
ನಾಗಸಂದ್ರದ ಮೆಟ್ರೋದಲ್ಲಿ ಕಂಬ ಹಿಡಿದು ನಿಂತೇ
ಗಾಳಿಯ ತೇವದ ನಕ್ಷೆಯನ್ನು ಲಗ್ನಪತ್ರಿಕೆಯ ಹಾಗೆ
ಬಿಚ್ಚಿ ಮಡಿಸಿ ಬಿಚ್ಚಿ ಓದಿದೆ; ಮಡಿಕೆ ಹರಿದಲ್ಲಿ
ಇಪ್ಪತ್ತನಾಲ್ಕು ಡಿಗ್ರಿ ಅಳಿಸಿಹೋಗಿತ್ತು.
ಪಕ್ಕದ ಹುಡುಗಿ ಕೇಳಿದಳು: ಆಂಟಿ, ಇದು ಜಾತಕಾನಾ?
ಹೂಂ, ಅಂದೆ. ಕಟ್ಟಡಗಳದ್ದು.

ಪಾಸಾದ ಮೇಲೂ ಪಾಸಾಗುವುದಿಲ್ಲ ಈ ಕೆಲಸದಲ್ಲಿ.
ಇನ್ನೊಬ್ಬರ ಕೈಕೆಳಗೆ ವರ್ಷಗಟ್ಟಲೆ ಏಣಿ ಹತ್ತಬೇಕು.
ನಾನು ಅಳೆಯುವುದು, ಅವರು ಸಹಿ ಹಾಕುವುದು.

ಏಪ್ರಿಲ್. ಬೆಳ್ಳಂದೂರಿನಾಚೆ ಗಾಜಿನ ಕಟ್ಟಡ, ರಾತ್ರಿ ಎರಡು ಹತ್ತು.
ಏಳನೇ ಮಹಡಿಯಲ್ಲಿ ನಾನೂರು ಕುರ್ಚಿ, ಒಂದರಲ್ಲೂ ಜನರಿಲ್ಲ.
ಎಲ್ಲಕ್ಕೂ ತಂಪು ಬೀಳುತ್ತಿದೆ,
ದಿಬ್ಬಣ ಬಾರದ ಮದುವೆಯಲ್ಲಿ
ಪಂಕ್ತಿಗೆಲ್ಲ ಪಾಯಸ ಬಡಿಸಿದ ಹಾಗೆ.
ಕಾವಲಿನ ದೀಪೇನ್ ಬೋರೊ ಸ್ವೆಟರು, ಮಂಕಿ ಕ್ಯಾಪಿನೊಳಗೆ ಮುದುಡಿ ಕೂತಿದ್ದ.
ಥರ್ಮಲ್ ಕ್ಯಾಮೆರಾದಲ್ಲಿ ಇಡೀ ಮಹಡಿ ನೀಲಿ,
ಅವನ ಕೈಯ ಚಹಾ ಲೋಟ ಮಾತ್ರ ಹಳದಿ.

ನೆಲಮಾಳಿಗೆಯ ಪ್ಯಾನೆಲ್ ರೂಮಿನಲ್ಲಿ ಮುನಿವೆಂಕಟಪ್ಪ,
ಅಣ್ಣಮ್ಮನ ಪಟ, ಅದರ ಮುಂದೆ ಅದೇ ಕೆಂಪು.
ಇದನ್ನೂ ಬರೀತೀರಾ? ಜೀರೋ ಅಲ್ವೇನಮ್ಮ ಅದು?
ಪ್ಲಗ್ಗಿಗೂ ಗೋಡೆಗೂ ನಡುವೆ ಮೀಟರು ಸಿಕ್ಕಿಸಿದೆ.
ಹದಿನಾಲ್ಕು ವ್ಯಾಟ್.
ಹಗಲೂ ರಾತ್ರಿ; ವರ್ಷಕ್ಕೆ ನೂರಿಪ್ಪತ್ತೆರಡು ಯೂನಿಟ್.
ತಪ್ಪು ಬಲ್ಬಿನದಲ್ಲ ಅಪ್ಪಾ, ಚಕ್ರದ್ದು.
ಅಷ್ಟು ಸಣ್ಣದು ಅದಕ್ಕೆ ತಾಕುತ್ತಿರಲಿಲ್ಲ, ಅಷ್ಟೆ.

ಬೆಳಿಗ್ಗೆ ಮ್ಯಾನೇಜರು ಕಾಫಿ ತರಿಸಿದ.
ಪಾರ್ಕಿಂಗಿನ ಅಳತೆಯನ್ನೂ ಸೇರಿಸಿ ಭಾಗಿಸಿ ಮೇಡಂ,
ಒಂದು ಸ್ಟಾರ್ ಜಾಸ್ತಿ ಬರುತ್ತೆ, ನಿಮ್ಮ ಸಾರ್ ಒಪ್ಪಿದ್ದಾರೆ.
ಸಾರ್ ಒಪ್ಪಿದ್ದರು.
ನಾನು ಭಾಗಿಸಿದೆ.
ಕಾರುಗಳು ನಿಲ್ಲುವ ಕತ್ತಲಲ್ಲಿ
ಒಂದು ನಕ್ಷತ್ರ ಹುಟ್ಟಿತು.

ಮೂರು ವರ್ಷ ಬಿಟ್ಟು ಸಂದರ್ಶನ. ಮೇಜಿನಾಚೆ ಮೂವರು.
ಚಿಲ್ಲರು, ಪಂಪು, ಪವರ್ ಫ್ಯಾಕ್ಟರು ಎಲ್ಲ ಕೇಳಿ ಮುಗಿದ ಮೇಲೆ
ನಡುವೆ ಕೂತ ಹೆಂಗಸು ಕನ್ನಡಕ ತೆಗೆದರು:
ಅಂಕಿ ತಿದ್ದಿ ಅಂತ ಮಾಲೀಕರು ಹೇಳಿದರೆ?
ಬಾಯಿಪಾಠದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.
ಒಂದು ಸಲ ತಿದ್ದಿದ್ದೇನೆ, ಅಂದೆ.
ಆಮೇಲೆ ಕೋಣೆಯಲ್ಲಿ ಮಾತಾಡಿದ್ದು ಏಸಿ ಒಂದೇ
(ಹದಿನೆಂಟಕ್ಕೆ ಇಟ್ಟಿದ್ದರು, ಆ ಮೂವರೂ).
ನಿಜವಾದ ಅಂಕಿ ಎಷ್ಟಿತ್ತು?
ಇನ್ನೂರ ಹದಿನೇಳು. ಬರೆದದ್ದು ನೂರ ಐವತ್ತೆಂಟು.
ನನ್ನ ಮದುವೆಯ ತಾರೀಖೂ ಅಷ್ಟು ಬೇಗ ಬಾಯಿಗೆ ಬರುವುದಿಲ್ಲ.

ಹನ್ನೊಂದು ವಾರದ ಮೇಲೆ ಪತ್ರ ಬಂತು.
ಪದ್ಮಲೋಚನಿ ಹೋಗಿ ಪದ್ಮಲೋಚನ ಆಗಿದ್ದೆ; ನಂಬರು ಸರಿಯಿತ್ತು.
ಅವೆನ್ಯೂ ರೋಡಿನಲ್ಲಿ ಸೀಲು ಮಾಡಿಸಿದೆ.
ಆ ಗಾಜಿನ ಕಟ್ಟಡದವರು ಇನ್ನೂ ಕರೆದಿಲ್ಲ,
ರಾತ್ರಿ ಬಸ್ಸಿನಿಂದ ಎಣಿಸುತ್ತೇನೆ: ಐದು, ಆರು,
ಏಳು ಉರಿಯುತ್ತಿದೆ.

ಅವ್ವ ಸೀಲನ್ನು ಅಂಗೈಯಲ್ಲಿ ತೂಗಿ ನೋಡಿದಳು.
ಇಂಕು ಹತ್ತುತ್ತದೋ ಇಲ್ಲವೋ ಎಂದು
ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ,
ಇವತ್ತಿನ ಚೌಕದ ಮೇಲೆ ಒತ್ತಿದಳು.
ಆಮೇಲೆ ನಿನ್ನೆಯದರ ಮೇಲೂ.