ರೇಷನ್ ಕಾರ್ಡಿನಲ್ಲಿ ಹಿಡಿಸದ ಹೆಸರು

ಎರಡು ಬೆರಳಗಲದ ಕಾಲಮ್ಮು,
ಕೆರಿಯಪ್ಪ, ಹುಚ್ಚಮ್ಮ ಹಿಡಿಸುವಷ್ಟು.
ದುರ್ಗಿಗುಡಿಯ ಟೈಪಿಂಗ್ ಮೇಡಮ್ಮು
ಹಿಲ್ಡಾ ಮಿಕಲ್‌ತ್ವೈಟ್ ಅವರ ಹೆಸರು
ತ್ವೈ ಹತ್ತಿರ ಎಡವಿ, ಗೆರೆಯಾಚೆ ಬಿತ್ತು.

ಹಿಂದಿನ ಗುಮಾಸ್ತ ಬರೆದದ್ದು ಮೈಕಲ್ ಟೈಟ್.
ಅದಕ್ಕೂ ಹಿಂದಿನವ, ಬರೀ ಟೈಟ್.
ನ್ಯಾಯಬೆಲೆ ಅಂಗಡಿಯ ಕ್ಯೂನಲ್ಲಿ
ಸೀಮೆಎಣ್ಣೆಯವ ದನಿಯೆತ್ತಿ ಕೂಗಿದ್ದ:
"ಟೈಟ್ ಯಾರ್ರೀ, ಟೈಟ್?"
ನಗದೆ ಉಳಿದವರು ಇಬ್ಬರೇ,
ಮೇಡಮ್ಮು, ಮತ್ತು ಅಲ್ಲೇ ಮೋರಿಕಟ್ಟೆಯ ಮೇಲೆ
ನಿಜಕ್ಕೂ ಟೈಟಾಗಿದ್ದ ಸಿಲ್ವೇಸ್ಟರ್.

"ಅರ್ಥ ಏನ್ ಮೇಡಂ ಇದಕ್ಕೆ?" ಕೇಳಿದೆ,
ಪೆನ್ನಿನ ಮುಚ್ಚಳ ಕಚ್ಚಿಕೊಂಡು.
ಅರ್ಥ ಕೇಳಿದವ ನಾನೇ ಮೊದಲಂತೆ;
ಜಾತಿ ಕೇಳಿದವರು ಬಹಳ.

ಕಾಡು ಕಡಿದು ಬಯಲು ಮಾಡಿದ ಜಾಗ, ಅಂದರು.
ಮಿಕಲ್ ಅಂದರೆ ದೊಡ್ಡದು.
ಮೂಲದಲ್ಲಿ ಇಂಗ್ಲಿಷಿನದೂ ಅಲ್ಲ ಮಾತು,
ಬಡಗಣ ಕಡಲಿನವರು ದೋಣಿಯಲ್ಲಿ ತಂದದ್ದು, ಕೊಡಲಿಯ ಜೊತೆ.
ಕೊಡಲಿ ತುಕ್ಕು ತಿಂದು ಹೋಯಿತು, ಮಾತು ಉಳಿಯಿತು
ಯಾರ್ಕ್‌ಶೈರಿನ ಒಂದು ಗುಡ್ಡದ ಮಗ್ಗುಲಲ್ಲಿ.
ಆ ಗುಡ್ಡ ಅವರು ನೋಡಿಲ್ಲ.
ಅವರಜ್ಜ ನೋಡಿದ್ದನೋ, ಗೊತ್ತಿಲ್ಲ.
ಅಜ್ಜ ಸಾಗರದ ನಾಟಾ ಡಿಪೋದಲ್ಲಿ
ಬೀಟೆ ದಿಮ್ಮಿಗಳ ಬುಡಕ್ಕೆ ಸುತ್ತಿಗೆಯ ಮುದ್ರೆ ಹೊಡೆಯುತ್ತಿದ್ದ;
"ಹೆಸರಿನ ಕೆಲಸವನ್ನೇ ಮಾಡಿದ, ನೋಡಿ" ಎಂದು
ಮೊದಲ ಸಲ ನಕ್ಕರು.

ನಾನು ನಗಲಿಲ್ಲ.
ಕಾಡು ಕಡಿದ ಜಾಗ. ದೊಡ್ಡದು.
ನಮ್ಮ ಕಡೆ ಅದಕ್ಕೆ ಹಿರೇಹಕ್ಕಲು ಅಂತಾರೆ.
ಅದು ನನ್ನ ಊರು.
ಶರಾವತಿಯ ಹಿನ್ನೀರಿನ ಅಡಿಯಲ್ಲಿದೆ;
ಕೆಲವು ವರ್ಷ, ಬಿರುಬೇಸಗೆಯಲ್ಲಿ
ಹಲಸಿನ ಬೊಡ್ಡೆಯೊಂದು ಮೇಲೆ ಬರುತ್ತದೆ,
ಅದರ ಮೇಲೆ ನೀರುಕಾಗೆ ರೆಕ್ಕೆ ಒಣಗಿಸುತ್ತದೆ.

ಊರಲ್ಲಿದ್ದಾಗ ಅಪ್ಪ ಬರೀ ಕೆರಿಯಪ್ಪ.
ಹಿರೇಹಕ್ಕಲಿನಲ್ಲಿ ಯಾರನ್ನೂ ಯಾರೂ
ಹಿರೇಹಕ್ಕಲು ಅಂತ ಕರೆದದ್ದಿಲ್ಲ.
ಪಾತ್ರೆ, ಕೋಳಿಪಂಜರ, ಕಿತ್ತ ಬಾಗಿಲೊಂದನ್ನು ಲಾರಿಗೆ ಹೇರಿ
ಆಯನೂರಿನ ಆಚೆ ಇಳಿದ ಮೇಲೆಯೇ
ಅವನು ಹಿರೇಹಕ್ಕಲು ಕೆರಿಯಪ್ಪನಾದದ್ದು.
ಊರ ಹೆಸರು ಮೈಗಂಟುವುದು
ಊರು ಕಾಲಡಿಯಿಂದ ಜಾರಿದವರಿಗೆ.
ಆ ಯಾರ್ಕ್‌ಶೈರಿನವನದೂ ಹೀಗೇ ಆಗಿರಬೇಕು,
ಎಲ್ಲೋ ಪರವೂರ ಸಂತೆಯಲ್ಲಿ
ಯಾರೋ ಕೇಳಿರಬೇಕು:
ಯಾವ ಕೆರಿಯಪ್ಪ? ಓ, ಆ ಹಕ್ಕಲಿನವನಾ?

ಇದನ್ನೆಲ್ಲ ಅವರಿಗೆ ಹೇಳಲಿಲ್ಲ. ಹಿಂದೆ ಕ್ಯೂ ಇತ್ತು.
"ಮೇಡಂ, ನಾವಿಬ್ಬರೂ ಒಂದೇ ಊರವರು" ಅಂದೆ, ಅಷ್ಟೆ.
ಕನ್ನಡಕದ ಮೇಲಿನಿಂದ ನೋಡಿದರು,
ಲಂಚಕ್ಕೆ ಪೀಠಿಕೆ ಇರಬಹುದೆಂದು.

ಕಾಲಮ್ಮಿನ ಗೆರೆ ದಾಟಿ, ವಿಳಾಸದ ಜಾಗಕ್ಕೂ ನುಗ್ಗಿ
ಪೂರ್ತಿ ಬರೆದೆ, ಒತ್ತಕ್ಷರ ಸಮೇತ.
ಸಾಹೇಬರು ಗದರಿದರು. ಸಹಿ ಹಾಕಿದರು.

ಸೀಮೆಎಣ್ಣೆಯವ ಈಗಲೂ
ಟೈಟ್ ಅಂತಲೇ ಕೂಗುತ್ತಾನೆ.